ಒಕ್ಕೂಟ ಬಿಟ್ಟರೆ ಮೆಣಸಿನ ದರ ಏರುತ್ತದೆಯೇ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲೂಕು. ನಾಲ್ಕು ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಮೊನ್ನೆ ಸೊಸೈಟಿ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಇಂಗ್ಲೆಂಡಿನವರು ಯುರೋಪ್ ಒಕ್ಕೂಟಕ್ಕೆ ಸಲಾಂ ಹೊಡೆದು ಹೊರಗೆ ಬಂದರು. ನಮ್ಮ ಸರ್ಕಾರವೂ ಆಸಿಯಾನ್, ಸಾಫ್ಟಾ ಎಲ್ಲ ಬಿಟ್ಟು ಬಂದರೆ ಹೊರಗಿನ ಮೆಣಸು, ಅಡಿಕೆ ಒಂದು ಕಾಳೂ ಒಳಗೆ ಬರೋದಿಲ್ಲ, ದರ ಎರಡು ಪಟ್ಟಾಗುತ್ತದೆ" ಅಂದರು. ಜೋರು ಚಪ್ಪಾಳೆ ಬಿತ್ತು. ಆದರೆ ಲೀಡ್ಸ್‌ನಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ಫೋನ್ ಮಾಡಿದಾಗೆಲ್ಲ, ಅಲ್ಲಿ ದಿನಸಿ ಬೆಲೆ ಏರಿದೆ, ಒಕ್ಕೂಟ ಬಿಟ್ಟದ್ದೇ ತಪ್ಪಾಯಿತು ಅಂತ ಜನ ಗೊಣಗುತ್ತಾರೆ ಅನ್ನುತ್ತಾಳೆ. ಯಾರ ಮಾತು ಸರಿ? ಭೂತಾನದ ಅಡಿಕೆಯೂ ಇಂಥದ್ದೇ ಒಕ್ಕೂಟದಿಂದ ಬರುತ್ತಿರುವುದೇ? ಎರಡು ವರ್ಷದ ಮೆಣಸು ಅಟ್ಟದ ಮೇಲಿದೆ. ಸರ್ಕಾರ ಹೊರಬರುವ ತನಕ ಕಾಯಲೇ?

ಉತ್ತರ: ನಿಮ್ಮ ಕಾಗದದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದೇ ಹೆಣಿಗೆಯಲ್ಲಿ ಸೇರಿಕೊಂಡಿವೆ: ಬ್ರಿಟನ್ನಿಗೆ ನಿಜವಾಗಿ ಏನಾಯಿತು, ನಾವು ಅದೇ ದಾರಿ ಹಿಡಿದರೆ ಮಲೆನಾಡಿಗೆ ಏನು ಸಿಗುತ್ತದೆ, ಮತ್ತು ಅಟ್ಟದ ಮೇಲಿನ ಮೂಟೆಗಳನ್ನು ಏನು ಮಾಡುವುದು. ನಾನು ಮೊದಲು ಸಾಂಬಾರ ಪದಾರ್ಥ ರಫ್ತು ಮಾಡುವವರ ಬಳಿ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು, ಈಗ ಶಿವಮೊಗ್ಗದಲ್ಲಿ ವಿದೇಶಿ ವ್ಯಾಪಾರದ ಪಾಠ ಹೇಳುವವನು. ಹಾಗಾಗಿ ಉತ್ತರದಲ್ಲಿ ರಾಜಕೀಯಕ್ಕಿಂತ ಬಿಲ್ಲು, ಸರ್ಟಿಫಿಕೇಟುಗಳ ಮಾತು ಹೆಚ್ಚು ಬಂದರೆ ಸಹಿಸಿಕೊಳ್ಳಿ. ದರ ನಿಂತಿರುವುದೂ ಬಹುಪಾಲು ಅವುಗಳ ಮೇಲೆಯೇ.

ಮೊದಲಿಗೆ ಒಂದು ಗೊಂದಲ ಬಿಡಿಸೋಣ. ಬ್ರಿಟನ್ ಬಿಟ್ಟ ಯುರೋಪಿಯನ್ ಒಕ್ಕೂಟವೂ ನಾವಿರುವ ಆಸಿಯಾನ್ (ವಿಯೆಟ್ನಾಂ, ಮಲೇಷ್ಯಾದಂಥ ಆಗ್ನೇಯ ಏಷ್ಯಾದ ದೇಶಗಳ ಕೂಟ) ಒಪ್ಪಂದ, ಸಾಫ್ಟಾ (ದಕ್ಷಿಣ ಏಷ್ಯಾದ ನೆರೆ ದೇಶಗಳ ವ್ಯಾಪಾರ ಒಪ್ಪಂದ) ಇತ್ಯಾದಿಗಳೂ ಒಂದೇ ಜಾತಿಯವಲ್ಲ. ಯುರೋಪಿಯನ್ ಒಕ್ಕೂಟದ ಒಳಗೆ ಸುಂಕ ಇಲ್ಲ, ಗಡಿ ತಪಾಸಣೆ ಇಲ್ಲ. ಹೊರದೇಶದ ಮಾಲಿಗೆ ಎಲ್ಲ ಸದಸ್ಯರದ್ದೂ ಒಂದೇ ಸುಂಕ. ಆಹಾರದ ಗುಣಮಟ್ಟದಿಂದ ಹಿಡಿದು ಔಷಧಿಯ ಪರವಾನಗಿವರೆಗೆ ಒಂದೇ ನಿಯಮ, ಜನ ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು. ನಮ್ಮದು ಹಾಗಲ್ಲ. 2010ರ ಜನವರಿಯಿಂದ ಜಾರಿಯಲ್ಲಿರುವ ಆಸಿಯಾನ್ ಸರಕು ಒಪ್ಪಂದ, 2000ದ ಮಾರ್ಚ್‌ನಿಂದ ಇರುವ ಶ್ರೀಲಂಕಾ ಒಪ್ಪಂದ, 2006ರಲ್ಲಿ ಶುರುವಾದ ಸಾಫ್ಟಾ, ಇವೆಲ್ಲ ಬರೀ ಸುಂಕ ರಿಯಾಯಿತಿಯ ಒಪ್ಪಂದಗಳು. ಗಡಿಯೂ ಇದೆ, ತಪಾಸಣೆಯೂ ಇದೆ, ಬೇರೆ ದೇಶಗಳ ಮಾಲಿಗೆ ಎಷ್ಟು ಸುಂಕ ಎಂಬುದು ನಮ್ಮ ಕೈಯಲ್ಲೇ ಇದೆ. ಬ್ರಿಟನ್ "ನಮ್ಮ ಗಡಿ ನಮ್ಮ ಕೈಗೆ ಬರಲಿ" ಅಂತ ಹೋರಾಡಿ ಪಡೆದದ್ದು ನಮ್ಮ ಬಳಿ ಯಾವತ್ತಿನಿಂದಲೂ ಇದೆ.

ಅಂದ ಮೇಲೆ ಬ್ರಿಟನ್ನಿನ ಕತೆ ನಮಗೆ ಬೇಡವೇ? ಬೇಕು, ಬೇರೆ ಕಾರಣಕ್ಕೆ.

2016ರ ಜೂನ್ 23ರ ಜನಮತದಲ್ಲಿ ಶೇ. 51.9 ಮಂದಿ ಬಿಡೋಣ ಎಂದರು, ಶೇ. 48.1 ಮಂದಿ ಇರೋಣ ಎಂದರು. ಆವತ್ತು ಎರಡೂ ಕಡೆಯವರು ಹೇಳಿದ ಸುಳ್ಳುಗಳ ತೂಕ ನೋಡಬೇಕು. ಬಿಡೋಣ ಎಂದವರು ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆಸಿಕೊಂಡು ಊರೂರು ಸುತ್ತಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನೂ ರೈತರಿಗೆ, ಸಂಶೋಧನೆಗೆ ವಾಪಸ್ ಬರುತ್ತಿದ್ದ ದುಡ್ಡನ್ನೂ ಕಳೆಯದ ಲೆಕ್ಕ ಅದು. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಆಕ್ಷೇಪ ಎತ್ತಿತು. ಇತ್ತ ಇರೋಣ ಎಂದ ಸರ್ಕಾರದ ಖಜಾನೆ ಇಲಾಖೆ, ಬಿಡೋಣ ಎಂದು ಮತ ಬಿದ್ದರೆ ಸಾಕು, ಎರಡು ವರ್ಷದಲ್ಲಿ ಐದು ಲಕ್ಷ ಜನ ಕೆಲಸ ಕಳೆದುಕೊಳ್ಳುತ್ತಾರೆ, ಆರ್ಥಿಕ ಹಿಂಜರಿತ ಬರುತ್ತದೆ ಎಂದು ಹೆದರಿಸಿತು. ಅದೂ ಆಗಲಿಲ್ಲ. ಪೌಂಡಿನ ಬೆಲೆ ಒಂದೇ ರಾತ್ರಿಯಲ್ಲಿ 31 ವರ್ಷಗಳ ತಳಕ್ಕೆ ಬಿತ್ತು, ನಿಜ. ಆದರೆ ಅಂಗಡಿ, ಫ್ಯಾಕ್ಟರಿಗಳು ಬಾಗಿಲು ಮುಚ್ಚಲಿಲ್ಲ.

ಆದದ್ದು ನಿಧಾನದ ನಷ್ಟ. ಬ್ರಿಟನ್ 2020ರ ಜನವರಿ 31ಕ್ಕೆ ಹೊರಬಂತು. ಹಳೆಯ ನಿಯಮಗಳು ಆ ವರ್ಷದ ಡಿಸೆಂಬರ್ 31ರವರೆಗೆ ಮುಂದುವರಿದವು. ಕೊನೆ ಗಳಿಗೆಯಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ಎರಡೂ ಕಡೆಯವರು ಒಂದು ವ್ಯಾಪಾರ ಒಪ್ಪಂದಕ್ಕೆ ಬಂದರು. ಅದರ ಪ್ರಕಾರ ಸುಂಕ ಸೊನ್ನೆ! ನಿಮ್ಮ ಸಭೆಯಲ್ಲಿ ಮಾತಾಡಿದವರಿಗೆ ಈ ಸಂಗತಿ ಗೊತ್ತಿದೆಯೋ ಇಲ್ಲವೋ. ಒಕ್ಕೂಟ ಬಿಟ್ಟರೂ ಬ್ರಿಟನ್-ಯುರೋಪ್ ನಡುವೆ ಸುಂಕದ ಗೋಡೆ ಏಳಲೇ ಇಲ್ಲ. ಎದ್ದದ್ದು ಕಾಗದದ ಗೋಡೆ.

ಸ್ಕಾಟ್ಲೆಂಡಿನ ಮೀನುಗಾರರ ಪಾಡು ನೋಡಿ. ಅಲ್ಲಿನ ದಪ್ಪ ಜಾತಿಯ ಸೀಗಡಿಗೆ ಫ್ರಾನ್ಸ್, ಸ್ಪೇನ್‌ಗಳಲ್ಲಿ ಭಾರೀ ಬೇಡಿಕೆ. 2020ರ ಡಿಸೆಂಬರ್‌ವರೆಗೆ ಲಾರಿಗೆ ತುಂಬಿದರೆ ಆಯಿತು, ಮೈಸೂರಿಗೆ ಮಾಲು ಕಳಿಸಿದ ಹಾಗೆ. 2021ರ ಜನವರಿಯಿಂದ ಪ್ರತಿ ಲೋಡಿಗೂ ಮೀನನ್ನು ಎಲ್ಲಿ ಹಿಡಿದದ್ದು ಎಂಬ ಪತ್ರ, ಪಶುವೈದ್ಯರ ಸಹಿಯಿರುವ ಆರೋಗ್ಯ ಪತ್ರ, ಕಸ್ಟಮ್ಸ್ ಘೋಷಣೆ, ಎಲ್ಲವೂ ಬೇಕಾಯಿತು. ಸಣ್ಣ ವ್ಯಾಪಾರಿಗಳು ಹತ್ತಾರು ಜನರ ಮಾಲು ಕೂಡಿಸಿ ಒಂದೇ ಲಾರಿಯಲ್ಲಿ ಕಳಿಸುವವರು. ಒಬ್ಬನ ಕಾಗದದಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಲಾರಿ ನಿಲ್ಲುತ್ತಿತ್ತು, ಒಳಗೆ ಮೀನು ಕೆಡುತ್ತಿತ್ತು. ಆ ತಿಂಗಳು ಅವರು ಲಾರಿಗಳನ್ನು ಲಂಡನ್ನಿನ ಪ್ರಧಾನಿ ಕಚೇರಿ ಹತ್ತಿರವೇ ತಂದು ನಿಲ್ಲಿಸಿ ಪ್ರತಿಭಟಿಸಿದರು. ಒಕ್ಕೂಟ ಬಿಟ್ಟರೆ ಮೀನುಗಾರರಿಗೆ ಒಳ್ಳೆಯದಾಗುತ್ತದೆ ಎಂಬುದು ಪ್ರಚಾರದ ದೊಡ್ಡ ಮಾತಾಗಿತ್ತು, ನೆನಪಿರಲಿ. ದೊಡ್ಡ ಕಂಪನಿಗಳು ಗುಮಾಸ್ತರನ್ನು ಇಟ್ಟುಕೊಂಡು ಸುಧಾರಿಸಿಕೊಂಡವು. ಯುರೋಪಿಗೆ ಮಾರುವುದನ್ನೇ ಕೈಬಿಟ್ಟವರಲ್ಲಿ ಹೆಚ್ಚಿನವರು ಸಣ್ಣವರು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಗಡಿ ನಮ್ಮ ಕೈಗೆ ಬರಲಿ ಎಂದು ಹೊರಬಂದ ಬ್ರಿಟನ್, ಯುರೋಪಿನಿಂದ ಬರುವ ಆಹಾರ ಪದಾರ್ಥಗಳ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡುತ್ತಲೇ ಹೋಯಿತು. ಸಿಬ್ಬಂದಿ ಇರಲಿಲ್ಲ, ಕಟ್ಟಡ ಮುಗಿದಿರಲಿಲ್ಲ, ತಪಾಸಣೆ ಶುರು ಮಾಡಿದರೆ ಬೆಲೆ ಏರುತ್ತದೆಂಬ ಭಯ ಬೇರೆ. ಆರೋಗ್ಯ ಪತ್ರ ಕೇಳಲು ಶುರು ಮಾಡಿದ್ದು 2024ರ ಜನವರಿಯಲ್ಲಿ, ಮಾಲನ್ನು ಬಿಚ್ಚಿ ನೋಡಲು ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಅಂದರೆ ಮೂರು ವರ್ಷ ಬ್ರಿಟನ್ನಿನ ರೈತ ಯುರೋಪಿಗೆ ಕಳಿಸಲು ಕಾಗದದ ಕಂತೆ ಹೊರುತ್ತಿದ್ದ, ಯುರೋಪಿನ ರೈತನ ಮಾಲು ಬ್ರಿಟನ್ನಿಗೆ ಹೆಚ್ಚೇನೂ ಅಡ್ಡಿಯಿಲ್ಲದೆ ಬರುತ್ತಿತ್ತು. ನಮ್ಮ ದೇಶ ಒಪ್ಪಂದ ಬಿಟ್ಟ ಮಾತ್ರಕ್ಕೆ ಬಂದರಿನಲ್ಲಿ ತಪಾಸಣೆ ಬಿಗಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಈ ಮೂರು ವರ್ಷಗಳನ್ನು ಎದುರಿಗಿಡುತ್ತೇನೆ.

ನಿಮ್ಮ ಅಕ್ಕನ ಮಗಳ ಮಾತಿಗೂ ಆಧಾರ ಇದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಲೆಕ್ಕ ಹಾಕಿದ ಪ್ರಕಾರ, ಈ ಹೊಸ ಕಾಗದದ ಖರ್ಚಿನಿಂದಲೇ 2021ಕ್ಕೆ ಮುಗಿದ ಎರಡು ವರ್ಷಗಳಲ್ಲಿ ಅಲ್ಲಿನ ಆಹಾರದ ಬೆಲೆ ಸುಮಾರು ಶೇ. 6ರಷ್ಟು ಏರಿತು. ಆಮೇಲಿನ ದೊಡ್ಡ ಏರಿಕೆಯಲ್ಲಿ ಉಕ್ರೇನ್ ಯುದ್ಧದ, ಗ್ಯಾಸ್ ಬೆಲೆಯ ಪಾಲು ಬಹಳ. ಎಲ್ಲವನ್ನೂ ಒಕ್ಕೂಟದ ತಲೆಗೆ ಕಟ್ಟುವುದು ಸರಿಯಲ್ಲ. ಬ್ರಿಟನ್ನಿನ ಬಜೆಟ್ ಲೆಕ್ಕಗಳನ್ನು ಪರಿಶೀಲಿಸುವ ಸ್ವತಂತ್ರ ಸಂಸ್ಥೆ ಒಬಿಆರ್ ಮಾತ್ರ, ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದುದಕ್ಕೆ ಹೋಲಿಸಿದರೆ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕಡಿಮೆ ಇರುತ್ತದೆ ಎಂಬ ಅಂದಾಜನ್ನು ಇಟ್ಟುಕೊಂಡೇ ಬಂದಿದೆ. ಶೇ. 4 ಎಂದರೆ ಬಿರುಗಾಳಿಗೆ ತೋಟ ಮಲಗಿದಂತಲ್ಲ, ಹಾಗಂತ ಲೆಕ್ಕಕ್ಕಿಲ್ಲದ್ದೂ ಅಲ್ಲ. ಇನ್ನೊಂದು ಮಾತು: ಆಕೆಗೆ ಅಲ್ಲಿ ಕೆಲಸ ಸಿಕ್ಕಿದ್ದರಲ್ಲೂ ಈ ಬದಲಾವಣೆಯ ಪಾತ್ರ ಇದ್ದೀತು. ಯುರೋಪಿನ ನರ್ಸ್‌ಗಳು ಬರುವುದು ತೀರಾ ಕಡಿಮೆಯಾಯಿತು, 2021ರ ಜನವರಿಯಿಂದ ವೀಸಾ ನಿಯಮ ಎಲ್ಲ ದೇಶದವರಿಗೂ ಒಂದೇ ಆಯಿತು. ಆ ಜಾಗಕ್ಕೆ ಹೆಚ್ಚಾಗಿ ಹೋದವರಲ್ಲಿ ನಮ್ಮವರೇ ಮುಂದು. ವಲಸೆ ಕಡಿಮೆ ಮಾಡುತ್ತೇವೆ ಎಂದು ಒಕ್ಕೂಟ ಬಿಟ್ಟ ದೇಶದಲ್ಲಿ ಆಮೇಲೆ ವಲಸೆ ದಾಖಲೆ ಮಟ್ಟಕ್ಕೆ ಏರಿತು. ಸ್ಟ್ರಾಬೆರಿ ಕೊಯ್ಯಲು ಪೋಲೆಂಡ್, ರುಮೇನಿಯಾದವರ ಬದಲು ಕಿರ್ಗಿಸ್ತಾನ, ತಜಿಕಿಸ್ತಾನಗಳಿಂದ ಆರು ತಿಂಗಳ ವೀಸಾದ ಮೇಲೆ ಆಳುಗಳು ಬರುತ್ತಾರೆ. ಅಡಿಕೆ ಕೊಯ್ಯುವ ಕೊನೆಗಾರರು ಸಿಗದೆ ಒದ್ದಾಡುವ ನಮಗೆ ಆ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ರಾಜಕೀಯದ ಲೆಕ್ಕ ಇನ್ನೂ ಭಾರ. 2016ರ ಜುಲೈಯಿಂದ 2024ರ ಜುಲೈ ತನಕ ಐವರು ಹೊಸ ಪ್ರಧಾನಿಗಳು: ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್. ಶೇ. 62ರಷ್ಟು ಮತ ಹಾಕಿ ಇರೋಣ ಎಂದಿದ್ದ ಸ್ಕಾಟ್ಲೆಂಡ್, ನಮ್ಮನ್ನು ಕೇಳದೆ ಎಳೆದುಕೊಂಡು ಹೋದಿರಿ ಎಂದು ಮುನಿಸಿಕೊಂಡಿತು. ಉತ್ತರ ಐರ್ಲೆಂಡಿನದ್ದು ನಮ್ಮ ಕಡೆ ಮನೆ ಹಿಸ್ಸೆಯಾದಾಗ ಆಗುವ ತಕರಾರೇ. ತೋಟ ಭಾಗ ಮಾಡುವುದು ಸುಲಭ. ಎರಡೂ ಪಾಲಿಗೂ ಹೋಗುವ ಒಂದೇ ಕಾಲುದಾರಿ ಯಾರದು ಎನ್ನುವಲ್ಲಿ ಜಗಳ ಹತ್ತುತ್ತದೆ. ಐರ್ಲೆಂಡ್ ದೇಶ ಯುರೋಪಿನಲ್ಲೇ ಉಳಿಯಿತು, ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ನಡುವಿನ ಗಡಿಯಲ್ಲಿ ಚೆಕ್‌ಪೋಸ್ಟ್ ಹಾಕಿದರೆ, ಅಲ್ಲಿನ ದಶಕಗಳ ಹಿಂಸೆ ನಿಲ್ಲಿಸಿದ 1998ರ ಶಾಂತಿ ಒಪ್ಪಂದಕ್ಕೇ ಕುತ್ತು. ಹಾಗಾಗಿ ತಪಾಸಣೆಯನ್ನು ಸಮುದ್ರಕ್ಕೆ, ಅಂದರೆ ತಮ್ಮದೇ ದೇಶದ ಎರಡು ಭಾಗಗಳ ನಡುವೆ ತಂದಿಟ್ಟರು. ಅದಕ್ಕೆ ಸಿಟ್ಟಾದ ಪಕ್ಷವೊಂದು ಹೊರಗುಳಿದದ್ದರಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಅಲ್ಲಿನ ಸರ್ಕಾರವೇ ನಡೆಯಲಿಲ್ಲ. 2023ರಲ್ಲಿ ವಿಂಡ್ಸರ್ ಎಂಬಲ್ಲಿ ಹೊಸ ರಾಜಿ ಮಾಡಿಕೊಂಡರು. ಮುಗಿಯಿತೇ? 2025ರ ಮೇ ತಿಂಗಳಲ್ಲಿ ಮತ್ತೆ ಯುರೋಪಿನ ಜೊತೆ ಕೂತು, ಆಹಾರ ತಪಾಸಣೆ ಸಡಿಲಿಸುವ ಮಾತಾಡಿ, ಅದೇ ಹೊತ್ತಿಗೆ ಯುರೋಪಿನ ದೋಣಿಗಳು 2038ರವರೆಗೆ ಬ್ರಿಟನ್ನಿನ ನೀರಿನಲ್ಲಿ ಮೀನು ಹಿಡಿಯಲು ಒಪ್ಪಿದರು.

ರೈತನ ಕಣ್ಣಿನಿಂದ ನೋಡಿದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಒಕ್ಕೂಟ ಬಿಟ್ಟ ದೇಶಕ್ಕೆ ಬೇರೆ ಒಪ್ಪಂದಗಳನ್ನು ಬೇಗ ಬೇಗ ಮಾಡಿ ತೋರಿಸುವ ಒತ್ತಡ ಇರುತ್ತದೆ. ಬ್ರಿಟನ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾಡಿಕೊಂಡ ಒಪ್ಪಂದ 2023ರ ಮೇ 31ಕ್ಕೆ ಜಾರಿಗೆ ಬಂತು. ಕುರಿ, ದನ ಸಾಕುವ ಬ್ರಿಟಿಷ್ ರೈತರು ನಮ್ಮನ್ನು ಬಲಿಕೊಟ್ಟಿರಿ ಎಂದು ಕೂಗಾಡಿದರು. ಮಾತುಕತೆಯ ಹೊತ್ತಿಗೆ ಕೃಷಿ ಖಾತೆಯಲ್ಲಿದ್ದ ಮಂತ್ರಿ ಜಾರ್ಜ್ ಯೂಸ್ಟಿಸ್, ಹುದ್ದೆ ಬಿಟ್ಟ ಮೇಲೆ, ಆಸ್ಟ್ರೇಲಿಯಾ ಜೊತೆಗಿನದ್ದು ಒಳ್ಳೆಯ ಒಪ್ಪಂದವಲ್ಲ ಎಂದು ಸಂಸತ್ತಿನಲ್ಲೇ ಹೇಳಿದರು. ಅವಸರದಲ್ಲಿ ಒಪ್ಪಂದಕ್ಕೆ ಕೂತ ದೇಶ ಮೊದಲು ಬಿಟ್ಟುಕೊಡುವುದು ಹೊಲ, ಕೊಟ್ಟಿಗೆಗಳನ್ನು.

ಈಗ ನಮ್ಮ ಮನೆಗೆ ಬರೋಣ.

"ಹೊರಬಂದರೆ ಮೆಣಸಿನ ದರ ಎರಡು ಪಟ್ಟು" ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಕಾಳುಮೆಣಸಿಗೆ ನಮ್ಮ ಸಾಮಾನ್ಯ ಆಮದು ಸುಂಕ ಶೇ. 70. ಆಸಿಯಾನ್ ಒಪ್ಪಂದದಲ್ಲಿ ಮೆಣಸು, ಕಾಫಿ, ಚಹಾ, ತಾಳೆ ಎಣ್ಣೆಗಳನ್ನು ವಿಶೇಷ ಪಟ್ಟಿಯಲ್ಲಿಟ್ಟು, ಮೆಣಸಿನ ಸುಂಕವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸುತ್ತಾ 2019ರ ಕೊನೆಗೆ ಶೇ. 50ಕ್ಕೆ ತಂದು ನಿಲ್ಲಿಸಿದರು. ಅಂದರೆ ನಾವು ಆಸಿಯಾನ್ ಬಿಟ್ಟರೆ ವಿಯೆಟ್ನಾಂ ಮೆಣಸಿನ ಮೇಲೆ ಸುಂಕ ಶೇ. 50ರಿಂದ 70ಕ್ಕೆ ಹೋಗುತ್ತದೆ, ಅಷ್ಟೇ. ಅದರ ಮೇಲೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಕೆಜಿಗೆ 500 ರೂಪಾಯಿ ಎಂದು ನಿಗದಿ ಮಾಡಿತು, ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಮಾಲು ತರುವಂತಿಲ್ಲ. 500 ರೂಪಾಯಿ ಮಾಲಿಗೆ ಶೇ. 50 ಸುಂಕ ಎಂದರೆ 250. ಕಾನೂನು ಪ್ರಕಾರ ವಿಯೆಟ್ನಾಂ ಮೆಣಸು ದೇಶದೊಳಗೆ 750 ರೂಪಾಯಿಗಿಂತ ಕಡಿಮೆಗೆ ಇಳಿಯಲು ಸಾಧ್ಯವೇ ಇಲ್ಲ.

ಆದರೆ ದರ ಏನಾಯಿತು? 2015-16ರಲ್ಲಿ 700 ರೂಪಾಯಿ ಆಸುಪಾಸಿನಲ್ಲಿದ್ದ ಮೆಣಸು 2019ರ ಹೊತ್ತಿಗೆ ಅದರ ಅರ್ಧಕ್ಕೆ ಬಂದು ಕೂತಿತು. 350 ರೂಪಾಯಿ ದರ ಇರುವ ಮಾರುಕಟ್ಟೆಗೆ 750 ರೂಪಾಯಿ ಬೀಳುವ ಮಾಲನ್ನು ಯಾರೂ ತರುವುದಿಲ್ಲ. ಹಾಗಾದರೆ ನಿಮ್ಮ ದರ ಕೆಡಿಸಿದ ಮೆಣಸು ಆಸಿಯಾನ್ ಬಾಗಿಲಿನಿಂದ ಬಂದದ್ದಲ್ಲ. ಒಂದು ಕಾರಣ ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ಒಳ್ಳೆಯ ದರದ ವರ್ಷಗಳಲ್ಲಿ ಬಳ್ಳಿ ನೆಟ್ಟು ನೆಟ್ಟು, ಎಲ್ಲ ಕಡೆ ಬೆಲೆ ಬಿದ್ದದ್ದು. ರಫ್ತಿನಲ್ಲಿ ನಮ್ಮವರು ಅವರೊಡನೆ ಪೈಪೋಟಿ ಮಾಡಲಾಗದೆ ಮಾಲು ದೇಶದೊಳಗೇ ಉಳಿಯಿತು.

ಎರಡನೆಯ ಕಾರಣ ಶ್ರೀಲಂಕಾದ ದಾರಿ. ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಅದರಾಚೆಗಿನದ್ದಕ್ಕೆ ಸಾಫ್ಟಾದಡಿ ಶೇ. 8 ಸುಂಕ. ಷರತ್ತು ಒಂದೇ, ಮಾಲು ಶ್ರೀಲಂಕಾದಲ್ಲೇ ಬೆಳೆದಿರಬೇಕು. ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಚೀಲ ಬದಲಿಸಿ, ಅಲ್ಲಿಯದೇ ಎಂಬ ಮೂಲ ಪ್ರಮಾಣಪತ್ರದೊಂದಿಗೆ ಇಲ್ಲಿಗೆ ಕಳಿಸುತ್ತಾರೆ ಎಂಬುದು ಬೆಳೆಗಾರರ ಸಂಘಗಳ ಹಳೆಯ ದೂರು. 500ರ ಕನಿಷ್ಠ ಬೆಲೆಯನ್ನೂ ದಾಟಿಸಬಹುದು. ಲೆಕ್ಕಕ್ಕೆ ಹೇಳುತ್ತೇನೆ: ನಿಜವಾದ ಬೆಲೆ 250, ಬಿಲ್ಲಿನಲ್ಲಿ 500 ಎಂದು ಬರೆಸುವುದು. ಶೇ. 8ರ ಸುಂಕ 40 ರೂಪಾಯಿ ಕಟ್ಟಿದರೆ ಮಾಲು ಕೈಗೆ ಬಂದದ್ದು 290ಕ್ಕೆ. ಬಿಲ್ಲಿನಲ್ಲಿ ಹೆಚ್ಚಿಗೆ ತೋರಿಸಿದ 250 ಬೇರೆ ದಾರಿಯಲ್ಲಿ ವಾಪಸ್ ಬರುತ್ತದೆ. ಹೀಗೆ ಮಾಡುವವನಿಗೆ ಸುಂಕ ಶೇ. 50 ಆದರೇನು, 70 ಆದರೇನು? ಮುಂದಿನ ಬಾಗಿಲು ಎತ್ತರ ಮಾಡಿದಷ್ಟೂ ಹಿತ್ತಿಲ ಬಾಗಿಲಿನ ಲಾಭ ಹೆಚ್ಚುತ್ತದೆ.

ಇದೇ ಮೂಲದ ಪ್ರಶ್ನೆ ಬ್ರಿಟನ್ನಿಗೂ ಕಾಡಿತು. ಅಲ್ಲಿನ ದೊಡ್ಡ ಅಂಗಡಿ ಸರಣಿಯೊಂದು ಜರ್ಮನಿಯಲ್ಲಿ ಮಾಡಿಸಿದ ಮಿಠಾಯಿಯನ್ನು ಬ್ರಿಟನ್ನಿಗೆ ತಂದು, ಅಲ್ಲಿಂದ ಐರ್ಲೆಂಡಿನ ತನ್ನ ಅಂಗಡಿಗೆ ಕಳಿಸಲು ಹೋದಾಗ, ಅದು ಬ್ರಿಟನ್ನಿನಲ್ಲಿ ತಯಾರಾದದ್ದಲ್ಲ ಎಂಬ ಕಾರಣಕ್ಕೆ ಸುಂಕ ಬಿತ್ತು. ಯುರೋಪಿನಲ್ಲೇ ಹುಟ್ಟಿದ ಮಾಲು ಯುರೋಪಿಗೆ ವಾಪಸ್ ಹೋಗಲು ಸುಂಕ! ಅಲ್ಲಿ ಮೂಲದ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ನೋಡುತ್ತಾರೆ. ನಮ್ಮಲ್ಲೂ 2020ರ ಸೆಪ್ಟೆಂಬರ್ 21ರಿಂದ ಕಾರೊಟಾರ್ ಎಂಬ ಕಸ್ಟಮ್ಸ್ ನಿಯಮ ಜಾರಿಯಲ್ಲಿದೆ. ಬರೀ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲು ಆ ದೇಶದ್ದೇ ಎಂಬುದಕ್ಕೆ ಬೇಕಾದ ಮಾಹಿತಿ ಆಮದುದಾರನ ಬಳಿ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು, ಅಧಿಕಾರಿ ಕೇಳಿದಾಗ ಕೊಡಬೇಕು. ಒಳ್ಳೆಯ ಅಸ್ತ್ರ. ಆದರೆ ಬಳಸುವ ಕೈ ಬೇಕು.

ಅಡಿಕೆಯ ವಿಷಯದಲ್ಲಂತೂ ಒಕ್ಕೂಟದ ಮಾತು ಇನ್ನೂ ದೂರ. ಅಡಿಕೆಗೆ ಸಾಮಾನ್ಯ ಸುಂಕ ಶೇ. 100. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು. ನೀವು ಕೇಳಿದ ಭೂತಾನದ ಅಡಿಕೆ ಯಾವ ಕೂಟದ ಕೊಡುಗೆಯೂ ಅಲ್ಲ. ಭೂತಾನದೊಂದಿಗೆ ನಮಗೆ 1972ರಿಂದಲೇ ಬೇರೆ ವ್ಯಾಪಾರ ಒಪ್ಪಂದ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಾನಾಗಿ ಹೊರಡಿಸಿದ ಆದೇಶದ ಪ್ರಕಾರ ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಕನಿಷ್ಠ ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯಿಂದ ಬರಲು ಅನುಮತಿ ಸಿಕ್ಕಿತು. ಸಾಫ್ಟಾ ಬಿಟ್ಟರೂ ಅದು ನಿಲ್ಲುವುದಿಲ್ಲ. ಪ್ರಮಾಣವನ್ನೂ ನೋಡಿ: ಅದು ಸಿಪ್ಪೆ ಸಮೇತದ ಹಸಿ ಅಡಿಕೆ. ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಎಷ್ಟು ಕೆಜಿ ರಾಶಿ ಅಡಿಕೆ ಸಿಗುತ್ತದೆ ಎಂದು ನಿಮಗೇ ಗೊತ್ತು. ದೇಶದ ಒಣ ಅಡಿಕೆಯ ಉತ್ಪಾದನೆ 10 ಲಕ್ಷ ಟನ್ನಿಗೂ ಮೇಲಿರುವಾಗ ಆ 17,000 ಟನ್ನೊಂದೇ ಶಿವಮೊಗ್ಗದ ದರ ಬೀಳಿಸುವಷ್ಟು ದೊಡ್ಡದಲ್ಲ. ಆತಂಕ ಇರಬೇಕಾದದ್ದು ಅದರ ಹೆಸರಿನಲ್ಲಿ ಬೇರೆಯದ್ದು ನುಸುಳುವ ಬಗ್ಗೆ. ಮ್ಯಾನ್ಮಾರ್ ಗಡಿ ದಾಟಿ ಮಿಜೋರಾಂ ಮೂಲಕ ಬರುವ ಅಡಿಕೆ ಲಾರಿಗಳನ್ನು ಹಿಡಿದ ಸುದ್ದಿ ಪದೇ ಪದೇ ಓದುತ್ತೀರಿ. ಕಳ್ಳ ಮಾಲು ಯಾವ ಒಪ್ಪಂದದ ಅಡಿಯಲ್ಲೂ ಬರುವುದಿಲ್ಲ, ಯಾವ ಒಪ್ಪಂದ ಬಿಟ್ಟರೂ ಹೋಗುವುದಿಲ್ಲ. ಹುರಿದ ಅಡಿಕೆ ಎಂದು ಹೆಸರು ಬದಲಿಸಿ ಕನಿಷ್ಠ ಬೆಲೆಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಬಂದಿತ್ತು. ಇಂಥ ಕಂಡಿಗಳನ್ನು ಒಂದೊಂದಾಗಿ ಮುಚ್ಚುವುದು ಬೇಸರದ ಕೆಲಸ, ಅದಕ್ಕೆ ಸಭೆಯಲ್ಲಿ ಚಪ್ಪಾಳೆ ಬೀಳುವುದಿಲ್ಲ.

ಹಾಗಾದರೆ ಆಸಿಯಾನ್ ಒಪ್ಪಂದದಲ್ಲಿ ತಕರಾರೇ ಇಲ್ಲವೇ? ಇದೆ. ಒಪ್ಪಂದ ಶುರುವಾದ ವರ್ಷಗಳಲ್ಲಿ 5 ಬಿಲಿಯನ್ ಡಾಲರ್ ಆಸುಪಾಸಿನಲ್ಲಿದ್ದ ನಮ್ಮ ವ್ಯಾಪಾರ ಕೊರತೆ (ರಫ್ತಿಗಿಂತ ಆಮದು ಹೆಚ್ಚಾದ ಮೊತ್ತ) 2022-23ರಲ್ಲಿ 43 ಬಿಲಿಯನ್ ದಾಟಿತು. ಆ ಕಾರಣಕ್ಕೇ ಸರ್ಕಾರ ಒಪ್ಪಂದದ ಮರುಪರಿಶೀಲನೆಗೆ ಪಟ್ಟು ಹಿಡಿದು ಮಾತುಕತೆ ನಡೆಸಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಚೀನಾ, ನ್ಯೂಜಿಲೆಂಡ್‌ಗಳೂ ಇರುವ ಆರ್‌ಸಿಇಪಿ ಎಂಬ ಇನ್ನೂ ದೊಡ್ಡ ಕೂಟಕ್ಕೆ ಸೇರುವುದಿಲ್ಲ ಎಂದು ಹೊರನಡೆದದ್ದೂ ಇದೇ ಅನುಭವದಿಂದ. ನ್ಯೂಜಿಲೆಂಡಿನ ಹಾಲಿನ ಪೈಪೋಟಿಗೆ ಹೆದರಿದ್ದ ನಮ್ಮ ಹಾಲಿನ ಸೊಸೈಟಿಗಳವರೂ ಆವತ್ತು ನಿಟ್ಟುಸಿರು ಬಿಟ್ಟರು. ಆದರೆ ಸೇರದೇ ಇರುವುದಕ್ಕೂ ಸೇರಿದ ಮೇಲೆ ಬಿಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಸೇರದಿದ್ದರೆ ಯಾರ ಕಾರ್ಖಾನೆಯೂ ಅದನ್ನು ನಂಬಿ ಕೂತಿರುವುದಿಲ್ಲ. ಸೇರಿದ ಮೇಲೆ ಹದಿನೈದು ವರ್ಷದಲ್ಲಿ ಸಾವಿರಾರು ಉದ್ಯಮಗಳು ಆ ಸುಂಕದ ಲೆಕ್ಕದ ಮೇಲೇ ಬೇರು ಬಿಟ್ಟಿರುತ್ತವೆ. ದೂರ ಹೋಗಬೇಕಿಲ್ಲ, ನಮ್ಮ ಮಾಚೇನಹಳ್ಳಿಯ ಫೌಂಡ್ರಿಗಳು ಎರಕ ಹೊಯ್ಯುವ ಭಾಗಗಳು ವಾಹನಗಳಿಗೆ ಸೇರಿ ದೇಶದಾಚೆಗೂ ಹೋಗುತ್ತವೆ. ನಾವು ಬಿಟ್ಟರೆ ಅವರೂ ಸುಂಕ ಹಾಕುತ್ತಾರೆ. ಅಪ್ಪ ತೋಟದಲ್ಲಿ, ಮಗ ಫೌಂಡ್ರಿಯಲ್ಲಿ ಇರುವ ಮನೆಗಳು ಶಿವಮೊಗ್ಗದ ಸುತ್ತ ಎಷ್ಟಿಲ್ಲ?

ಸರ್ಕಾರದ ಮುಂದಿರುವ ದಾರಿಗಳಲ್ಲಿ ಪೂರ್ತಿ ಹೊರಬರುವುದು ಒಂದು. ಅದರಿಂದ ಮೆಣಸಿಗೆ ಸಿಗುವುದು ಕಾಗದದ ಮೇಲಿನ ಶೇ. 20, ಕಳೆದುಕೊಳ್ಳುವುದು ಬೇರೆಯವರ ಮಾರುಕಟ್ಟೆ, ನೆರೆಯವರ ವಿಶ್ವಾಸ. ಸಾಫ್ಟಾ ಬಿಟ್ಟರೆ ಶ್ರೀಲಂಕಾ, ಬಾಂಗ್ಲಾಗಳು ಇನ್ನಷ್ಟು ಚೀನಾದ ಕಡೆ ವಾಲುತ್ತವೆ ಎಂಬ ಲೆಕ್ಕ ದೆಹಲಿಯಲ್ಲಿ ಕೂತವರಿಗೆ ನಮ್ಮ ಮೆಣಸಿಗಿಂತ ದೊಡ್ಡದು. ಒಪ್ಪಂದದೊಳಗೇ ಇದ್ದು ತಾತ್ಕಾಲಿಕ ರಕ್ಷಣಾ ಸುಂಕ ಹಾಕುವುದು ಇನ್ನೊಂದು. 2019ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಸಂಸ್ಕರಿಸಿದ ತಾಳೆ ಎಣ್ಣೆಗೆ ನಮ್ಮ ಸರ್ಕಾರ 180 ದಿನಗಳ ಮಟ್ಟಿಗೆ ಶೇ. 5 ಹೆಚ್ಚುವರಿ ಸುಂಕ ಹಾಕಿತ್ತು. ಯಾರೂ ಒಕ್ಕೂಟ ಬಿಡಲಿಲ್ಲ. ಇದಕ್ಕೆ ಆಮದು ಏರಿದ್ದು, ನಷ್ಟವಾದದ್ದು ಎರಡನ್ನೂ ಅಂಕಿಯಲ್ಲಿ ತೋರಿಸಬೇಕು, ಅವಧಿಯೂ ಚಿಕ್ಕದು. ಮೂರನೆಯದು ಮೂಲ ಪ್ರಮಾಣಪತ್ರಗಳ ಕಟ್ಟುನಿಟ್ಟಿನ ತನಿಖೆ. ಇದರ ಅಪಾಯ ಎಂದರೆ ಸಾಚಾ ವ್ಯಾಪಾರಿಗೂ ಕಿರಿಕಿರಿ, ಶ್ರೀಲಂಕಾದ ಜೊತೆ ಮನಸ್ತಾಪ. ನನ್ನ ಕೇಳಿದರೆ ಮಲೆನಾಡಿನವರು ಸಂಸದರ ಬಳಿ ಕೇಳಬೇಕಾದದ್ದು ಇದನ್ನೇ: ಶ್ರೀಲಂಕಾದಿಂದ ಬಂದ ಮೆಣಸಿನಲ್ಲಿ ಎಷ್ಟು ಲೋಡಿಗೆ ಕಾರೊಟಾರ್ ಅಡಿ ವಿಚಾರಣೆ ಆಯಿತು, ಎಷ್ಟಕ್ಕೆ ರಿಯಾಯಿತಿ ನಿರಾಕರಿಸಿದರು, ಮೆಣಸಿನ ಆಮದನ್ನು ಪ್ರಯೋಗಾಲಯ ಇರುವ ಒಂದೆರಡು ಬಂದರಿಗೆ ಸೀಮಿತಗೊಳಿಸಲು ಏನು ತೊಂದರೆ? "ಒಕ್ಕೂಟ ಬಿಡಿ" ಎಂದರೆ ಅವರು ಭಾಷಣ ಮಾಡಿ ಹೋಗುತ್ತಾರೆ. ಇಂಥ ಪ್ರಶ್ನೆಗೆ ಅಂಕಿ ತರಬೇಕಾಗುತ್ತದೆ.

ಇನ್ನು ಅಟ್ಟದ ಮೇಲಿನ ಮೆಣಸು. ಸರ್ಕಾರ ಹೊರಬರುತ್ತದೆ ಎಂದು ಕಾಯಬೇಡಿ. ಬ್ರಿಟನ್ನಿಗೆ ಜನಮತದಿಂದ ನಿಜವಾದ ಬದಲಾವಣೆವರೆಗೆ ನಾಲ್ಕೂವರೆ ವರ್ಷ ಹಿಡಿಯಿತು. ನಾಳೆಯೇ ದೆಹಲಿಯಲ್ಲಿ ತೀರ್ಮಾನವಾದರೂ ಈ ಮೂಟೆಗಳಿಗೆ ಅದರ ಫಲ ಮುಟ್ಟುವುದಿಲ್ಲ. ದರ ನೋಡುವುದಾದರೆ ವಿಯೆಟ್ನಾಂನ ಬೆಳೆ ಹೇಗಿದೆ, ಕೊಚ್ಚಿ ಮಾರುಕಟ್ಟೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೋಡಿ. ವಿಯೆಟ್ನಾಂನಲ್ಲಿ ಬಳ್ಳಿ ಕಿತ್ತು ಕಾಫಿ, ದುರಿಯನ್ ಹಾಕಿದವರು ಹೆಚ್ಚಿದ ಮೇಲೆಯೇ ಜಗತ್ತಿನ ದರ ಮತ್ತೆ ಚೇತರಿಸಿದ್ದು. ಎರಡು ವರ್ಷದ ಮಾಲು ಇದೆ ಎಂದಿರಿ, ಮನೆಯಲ್ಲಿ ಸಾಲ ಇದೆಯೋ ಇಲ್ಲವೋ ಬರೆದಿಲ್ಲ. ಸಾಲ ಇದ್ದು ಬಡ್ಡಿ ಓಡುತ್ತಿದ್ದರೆ ಹಳೆಯ ವರ್ಷದ್ದನ್ನು ಈಗಲೇ ಕೊಟ್ಟುಬಿಡಿ. ಕೈಗಡದ ಬಡ್ಡಿಯನ್ನು ಮೆಣಸಿನ ದರ ಹಿಂದಿಕ್ಕುತ್ತದೆಂಬ ಭರವಸೆ ಇಲ್ಲ. ಸಾಲ ಇಲ್ಲದಿದ್ದರೆ ಒಂದೇ ಸಲ ಮಾರದೆ ಮೂರು ಪಾಲು ಮಾಡಿ, ಒಂದನ್ನು ಈಗ, ಒಂದನ್ನು ಮಳೆಗಾಲದ ನಂತರ, ಉಳಿದದ್ದನ್ನು ದರ ನೋಡಿಕೊಂಡು ಮಾರಿ. ದುಡ್ಡಿನ ತುರ್ತು ಬಿದ್ದರೆ ಸಹಕಾರ ಸಂಘದಲ್ಲಿ ಮಾಲು ಅಡಮಾನ ಇಟ್ಟು ಸಾಲ ಪಡೆಯಬಹುದೇ, ಬಡ್ಡಿ ಎಷ್ಟು ಎಂದು ವಿಚಾರಿಸಿ. ಉಳಿಸಿಕೊಳ್ಳುವುದನ್ನು ಆರಿದ್ರೆ ಮಳೆ ಹಿಡಿಯುವ ಮುಂಚೆ ಅಟ್ಟದಿಂದ ಇಳಿಸಿ ಇನ್ನೊಮ್ಮೆ ಬಿಸಿಲಿಗೆ ಹಾಕಿ. ತೇವಾಂಶ ಶೇ. 11ರ ಹತ್ತಿರ ಇರಲಿ, ಒಳಗೆ ಪ್ಲಾಸ್ಟಿಕ್ ಇರುವ ಚೀಲಕ್ಕೆ ತುಂಬಿ ಹಲಗೆಯ ಮೇಲಿಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಮೆಣಸಿಗೆ ಒಪ್ಪಂದ ಇದ್ದರೂ ಬಿಟ್ಟರೂ ವ್ಯಾಪಾರಿ ಕೇಳುವುದು ಮುಕ್ಕಾಲು ದರವೇ.